ಮನೆಯೂ ಹಿತ್ತಿಲೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು, ‘ಹಳೆಯ ಮನೆಯನ್ನು ದುರಸ್ತಿ ಮಾಡಿ ನೋಡು’ ಎಂಬ ಮೂರನೆಯ ಮಾತನ್ನು ಸೇರಿಸದೆ ಬಿಟ್ಟದ್ದು ಕೇಳುವವರ ಮೇಲಿನ ಕರುಣೆಯಿಂದಲೇ ಇರಬೇಕು. ಹೊಸ ಮನೆ ಯಜಮಾನನು ಹೇಳಿದಂತೆ ಏಳುತ್ತದೆ. ಹಳೆಯ ಮನೆ ಯಜಮಾನನನ್ನೇ ತಾನು ಹೇಳಿದಂತೆ ಕುಣಿಸುತ್ತದೆ. ಅದೂ ಪರದೇಶದ ಬೆಟ್ಟದ ಹಳ್ಳಿ, ಅರೆಬರೆ ತಿಳಿದ ಭಾಷೆ, ಹೊಸ್ತಿಲಲ್ಲಿ ಬಂದು ನಿಂತ ಮಳೆಗಾಲ, ಇಷ್ಟೂ ಕೂಡಿದರಂತೂ ಕೇಳುವುದೇ ಬೇಡ.

ಪೋರ್ಚುಗಲ್ ದೇಶದ ನಡುನಾಡಿನಲ್ಲಿ ಲೊಜಾಂ, ಅಸೋರ್ ಎಂಬ ಬೆಟ್ಟಸಾಲುಗಳಿವೆ. ಅವುಗಳ ಇಳಿಜಾರಿನಲ್ಲಿ ಕಂದುಗಪ್ಪು ಪದರುಗಲ್ಲಿನ ಮನೆಗಳುಳ್ಳ ಸಣ್ಣ ಸಣ್ಣ ಹಳ್ಳಿಗಳು. 1960ರ ದಶಕದಲ್ಲಿ ಇಲ್ಲಿಯ ತರುಣರು ಹೊಟ್ಟೆಪಾಡನ್ನು ಹುಡುಕಿಕೊಂಡು ಲಿಸ್ಬನ್ನಿಗೆ, ಫ್ರಾನ್ಸಿಗೆ, ಜರ್ಮನಿಗೆ ಹೊರಟುಹೋದರು. ಆಫ್ರಿಕದಲ್ಲಿ 1961ರಿಂದ 1974ರವರೆಗೆ ನಡೆದ ವಸಾಹತು ಯುದ್ಧಗಳಿಗೆ ಸಿಪಾಯಿಗಳಾಗಿ ಹೋಗಲು ಒಲ್ಲದೆ ದೇಶ ಬಿಟ್ಟವರೂ ಉಂಟು. ಹಿಂದೆ ಉಳಿದ ಮುದುಕರು ಒಬ್ಬೊಬ್ಬರಾಗಿ ತೀರಿಕೊಂಡರು. ಬೀಗ ಬಿದ್ದ ಮನೆಗಳ ಸೂರು ಒಂದೊಂದಾಗಿ ಕುಸಿಯಿತು.

ಇಂಥ ಮನೆಗಳನ್ನು ಇಂಗ್ಲೆಂಡ್, ಹಾಲೆಂಡ್, ಜರ್ಮನಿಗಳಿಂದ ಬಂದವರು ಈಚಿನ ದಶಕಗಳಲ್ಲಿ ಕೊಂಡು ನೆಲೆಸುತ್ತಿದ್ದಾರೆ. ಕೊಳ್ಳುವುದೂ ಸುಲಭವಲ್ಲ. ಒಂದು ಮನೆಗೆ ಹಲವು ಹಕ್ಕುದಾರರು. ಅಕ್ಕ ಪ್ಯಾರಿಸಿನಲ್ಲಿ, ತಮ್ಮ ಬ್ರೆಜಿಲಿನಲ್ಲಿ. ಎಲ್ಲರ ರುಜು ಬೀಳದೆ ಚಾವಿ ಕೈಗೆ ಬಾರದು. ಈ ‘ಚಾವಿ’ ಎಂಬ ಮಾತು ನಮಗೆ ಬಂದದ್ದು ಪೋರ್ಚುಗೀಸರಿಂದಲೇ, ‘ಬಟಾಟೆ’ಯೂ ಹಾಗೆಯೇ. ಆ ಬೆಟ್ಟದವರ ನಿತ್ಯದ ಮಾತು ಎರಡು ನಮ್ಮ ಮನೆಗಳಲ್ಲೂ ಬಳಕೆಯಾಗುತ್ತಿವೆಯೆಂಬುದು ವಾಚಕರಿಗೆ ಸಂತೋಷದ ಸಂಗತಿಯಾಗಬಹುದು.

ನಮ್ಮಲ್ಲಿ ಶರದೃತುವೆಂದರೆ ಮಳೆ ಹಿಂದಾಗಿ ಆಕಾಶ ತಿಳಿಯಾಗುವ ಕಾಲ. ಅಲ್ಲಿ ಅದಕ್ಕೆ ವಿರುದ್ಧ. ಬೇಸಗೆಯುದ್ದಕ್ಕೂ ಕಾದು ಒಣಗಿದ ನೆಲಕ್ಕೆ ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಮೊದಲ ಮಳೆ ಬೀಳುತ್ತದೆ. ಹುಲ್ಲು ಮತ್ತೆ ಹಸಿರಾಗುತ್ತದೆ. ಹೀಗಾಗಿ ಶರತ್ತು ಅಲ್ಲಿಯ ರೈತನಿಗೆ ವರ್ಷದ ಕೊನೆಯೂ ಹೌದು, ಮೊದಲೂ ಹೌದು. ಮನೆ ದುರಸ್ತಿ ಮಾಡುವವನಿಗಾದರೋ ಅದು ಪರೀಕ್ಷೆಯ ಕಾಲ. ಮೊದಲ ಹನಿ ಬೀಳುವುದರೊಳಗೆ ಮಾಡು ಮುಗಿಯಬೇಕು, ಉಳಿದದ್ದೆಲ್ಲ ಆಮೇಲೆ.

ಅಲ್ಲಿಯ ಹಳೆಯ ಹೆಂಚು ನಮ್ಮ ಮಂಗಳೂರು ಹೆಂಚಿನಂತೆ ಚಪ್ಪಟೆಯಲ್ಲ. ನಮ್ಮ ನಾಡಹೆಂಚಿನಂತೆ ಅರ್ಧ ಕೊಳವೆಯಾಕಾರದ್ದು. ಒಂದನ್ನು ಅಂಗಾತ, ಇನ್ನೊಂದನ್ನು ಬೋರಲು ಹೊಂದಿಸುತ್ತ ಹೋಗಬೇಕು. ಹೆಂಚುಗಳನ್ನೆಲ್ಲ ಇಳಿಸಿ, ಪಾಚಿ ಉಜ್ಜಿ, ಒಡೆಯದವನ್ನು ಬೇರೆ ಇಟ್ಟು, ಹುಳು ಹಿಡಿದ ತೊಲೆ, ಪಕಾಸು, ರೀಪುಗಳನ್ನು ಬದಲಿಸಿ ಮತ್ತೆ ಏರಿಸುವಷ್ಟರಲ್ಲಿ ಸೆಪ್ಟೆಂಬರ್ ಕಳೆದಿರುತ್ತದೆ. ಗೋಡೆಗಳು ಬಹಳ ದಪ್ಪ. ಕಲ್ಲಿನ ನಡುವೆ ಬರಿಯ ಮಣ್ಣು. ಅವಸರದವರು ಅದರ ಮೇಲೆ ಸಿಮೆಂಟು ಬಳಿಯುತ್ತಾರೆ. ಕಲ್ಲುಮಣ್ಣಿನ ಗೋಡೆ ತಾನು ಹೀರಿದ ತೇವವನ್ನು ಹೊರಗೆ ಬಿಡಬೇಕು. ಸಿಮೆಂಟು ಅದಕ್ಕೆ ಅಡ್ಡವಾಗುತ್ತದೆ. ಚಳಿಗಾಲ ಮುಗಿಯುವ ಮೊದಲೇ ಒಳಗೋಡೆಯ ಮೇಲೆ ಬೂಷ್ಟು ಬರುತ್ತದೆ. ಸುಣ್ಣದ ಗಾರೆ ನಿಧಾನವಾಗಿ ಗಟ್ಟಿಯಾಗುತ್ತದೆ, ಆದರೆ ಗೋಡೆಯೊಡನೆ ಹೊಂದಿಕೊಂಡು ಬಾಳುತ್ತದೆ. ತಲತಲಾಂತರದ ಈ ತಿಳಿವಳಿಕೆ ಊರಿನಲ್ಲಿ ಉಳಿದ ನಾಲ್ಕಾರು ವೃದ್ಧರಲ್ಲಿ ಉಂಟು. ಕೇಳುವ ವಿನಯ ಬಂದವನಲ್ಲಿರಬೇಕು.

ಮಾಡು ಮುಗಿಯಿತೆಂದು ಕೈ ತೊಳೆಯುವಷ್ಟರಲ್ಲಿ ಹಿತ್ತಿಲು ಕರೆಯುತ್ತದೆ. ಮುಸುಕಿನ ಜೋಳದ ತೆನೆಗಳನ್ನು ಸುಲಿದು ಒಣಗಿಸುವ ಕಾಲವದು. ಹಿಂದೆ ಊರೆಲ್ಲ ಒಂದೆಡೆ ಕುಳಿತು ತೆನೆ ಸುಲಿಯುತ್ತಿದ್ದರು. ಕೆಂಪು ತೆನೆ ಸಿಕ್ಕ ತರುಣನಿಗೆ ನೆರೆದವರನ್ನೆಲ್ಲ ಅಪ್ಪಿಕೊಳ್ಳುವ ಹಕ್ಕು. ಎಷ್ಟೋ ಮದುವೆಗಳ ಬೀಜ ಅಲ್ಲಿಯೇ ಬಿದ್ದಿರಬೇಕು! ಮಳೆ ನೆಲಕ್ಕಿಳಿದೊಡನೆ ಫಾವಾ ಎಂಬ ದಪ್ಪ ಕಾಳನ್ನು ಬಿತ್ತುತ್ತಾರೆ, ಬೆಳ್ಳುಳ್ಳಿ ನೆಡುತ್ತಾರೆ. ಗಡ್ಡೆ ಕಟ್ಟದೆ ಎತ್ತರಕ್ಕೆ ಬೆಳೆಯುವ ಒಂದು ಜಾತಿಯ ಕೋಸು ಪ್ರತಿ ಹಿತ್ತಿಲಿನಲ್ಲೂ ಇದೆ. ಕೆಳಗಿನ ಎಲೆಗಳನ್ನು ಕಿತ್ತು, ಕೂದಲೆಳೆಯಂತೆ ಹೆಚ್ಚಿ, ಬಟಾಟೆಯ ಸಾರಿನಲ್ಲಿ ಕುದಿಸಿದರೆ ಚಳಿಗಾಲದ ಊಟವಾಯಿತು. ಬಟಾಟೆ ಅಮೆರಿಕದಿಂದ ಬರುವ ಮುನ್ನ ಈ ಬೆಟ್ಟದ ಬಡವರ ಹೊಟ್ಟೆ ತುಂಬಿಸುತ್ತಿದ್ದುದು ಚೆಸ್ಟ್‌ನಟ್ ಮರದ ಕಾಯಿ. ನವೆಂಬರ್ 11ರಂದು, ಸಂತ ಮಾರ್ಟಿನನ ಹಬ್ಬದ ದಿನ, ಅದನ್ನು ಬೆಂಕಿಯಲ್ಲಿ ಸುಟ್ಟು ಹೊಸ ದ್ರಾಕ್ಷಾಮದ್ಯದೊಡನೆ ತಿನ್ನುವ ಸಂಪ್ರದಾಯ ಇಂದಿಗೂ ಇದೆ.

ಇದರ ಹಿಂದೆಯೇ ಆಲಿವ್ ಕೊಯ್ಲು. ಮರದಡಿ ಬಲೆ ಹಾಸಿ, ಗಳುವಿನಿಂದ ಬಡಿದು ಕಾಯಿ ಉದುರಿಸಿ, ಮೂಟೆ ಕಟ್ಟಿ ಗಾಣಕ್ಕೆ ಒಯ್ಯುವುದು. ನೂರು ಕಿಲೋ ಕಾಯಿಗೆ ಹತ್ತರಿಂದ ಇಪ್ಪತ್ತು ಲೀಟರ್ ಎಣ್ಣೆ. ಕೆಲವು ಕಡೆ ಗಾಣದವನು ಕೂಲಿಗೆ ಬದಲಾಗಿ ಎಣ್ಣೆಯಲ್ಲೇ ಪಾಲು ಹಿಡಿದುಕೊಳ್ಳುತ್ತಾನೆ.

ಇಷ್ಟನ್ನು ಓದಿದವರಿಗೆ ಇದೊಂದು ರಮ್ಯ ಜೀವನವೆಂದು ತೋರಬಹುದು. ಬಂದವರಲ್ಲೂ ಹಲವರು ಹಾಗೆಯೇ ತಿಳಿದು, ಮನೆಯನ್ನು ಮಾತ್ರ ಸಿಂಗರಿಸಿ, ಹಿತ್ತಿಲಿನಾಚೆಯ ಜಗಲಿಗದ್ದೆಗಳನ್ನು ಪೊದೆಗೆ ಬಿಟ್ಟರು. ಊರವರು ಬಿಟ್ಟುಹೋದ ನೆಲದಲ್ಲಂತೂ ಪೈನ್ ಮತ್ತು ನೀಲಗಿರಿ ಮರಗಳು ತುಂಬಿದ್ದವು. ಕಾಗದದ ಕಾರ್ಖಾನೆಗಾಗಿ ಬೆಳೆಸುವ ಈ ನೀಲಗಿರಿ ಆ ದೇಶದ ಕಾಡಿನ ಸುಮಾರು ಕಾಲುಭಾಗವನ್ನು ಆಕ್ರಮಿಸಿದೆ. ಅದರ ಎಣ್ಣೆಯುಳ್ಳ ಎಲೆ, ಸುಲಿದು ಬೀಳುವ ತೊಗಟೆ ನಮ್ಮ ಕೋಲಾರದ ರೈತನಿಗೂ ಪರಿಚಿತವೇ. 2017ರ ಜೂನ್ 17ರಂದು ಪೆದ್ರೊಗಾಂವ್ ಗ್ರಾಂದೆಯ ಬಳಿ ಹೊತ್ತಿದ ಕಾಡ್ಗಿಚ್ಚಿನಲ್ಲಿ 66 ಮಂದಿ ಸತ್ತರು. ಹೆಚ್ಚಿನವರು ಓಡಿಹೋಗುತ್ತ ರಸ್ತೆಯಲ್ಲಿ ಸಿಕ್ಕಿಬಿದ್ದವರು. ಅದೇ ವರ್ಷದ ಅಕ್ಟೋಬರ್ 15ರಂದು, ಮಳೆ ಬರಬೇಕಾಗಿದ್ದ ಶರತ್ತಿನಲ್ಲೇ, ಮತ್ತೆ ಬೆಂಕಿ ಎದ್ದು ಸುಮಾರು 50 ಜನರನ್ನು ಬಲಿ ತೆಗೆದುಕೊಂಡಿತು.

ಜೂನ್ ತಿಂಗಳ ಆ ಬೆಂಕಿ ಫೆರಾರಿಯ ದ ಸಾಂವ್ ಜುವಾಂವ್ ಎಂಬ ಸಣ್ಣ ಹಳ್ಳಿಯ ಅಂಚಿಗೂ ಬಂದಿತ್ತು. ಅಲ್ಲಿ ಪೂರ್ವಿಕರು ಕಾಪಾಡಿಕೊಂಡು ಬಂದ ಬಿರಡೆಯ ಓಕ್ ಮರಗಳ ತೋಪು ಒಂದಿದೆ. ಸೀಸೆಯ ಬಿರಡೆಯಾಗುವ ಅದರ ದಪ್ಪ ತೊಗಟೆ ಸುಲಭವಾಗಿ ಹೊತ್ತಿಕೊಳ್ಳದು. ತೋಪಿನ ಬಳಿ ಬೆಂಕಿಯ ಬಿರುಸು ತಗ್ಗಿತು; ಹಳ್ಳಿ ಉಳಿಯಿತು. ಆಮೇಲೆ ಊರವರು ಸಭೆ ಸೇರಿ, ಸುತ್ತಲಿನ ನೀಲಗಿರಿಯನ್ನು ತೆಗೆದು ನಾಡಿನ ಮರಗಳನ್ನೇ ನೆಡಲು ತೀರ್ಮಾನಿಸಿದರು. ಮನೆಯ ಸುತ್ತ 50 ಮೀಟರ್ ಪೊದೆ ಸವರಬೇಕೆಂಬ ಕಾನೂನು ಆ ದೇಶದಲ್ಲಿ ಮೊದಲೇ ಇತ್ತು. ಅದನ್ನು ಜನ ಮನಸ್ಸಿಗೆ ತಂದುಕೊಂಡದ್ದು ಈ ದುರಂತದ ತರುವಾಯ.

ಈಗ ಅಲ್ಲಿಯ ಹಳ್ಳಿಗಳಲ್ಲಿ ಶರತ್ಕಾಲದ ಮಳೆ ಬಿದ್ದ ಮೇಲೆ, ಬೇಸಗೆಯಲ್ಲಿ ಮುಟ್ಟಬಾರದಿದ್ದ ಒಣರೆಂಬೆಗಳ ರಾಶಿಗೆ ಅಧಿಕಾರಿಗಳಿಗೆ ತಿಳಿಸಿ ಬೆಂಕಿ ಇಡುತ್ತಾರೆ. ಹೊಗೆ ಕಣಿವೆಯಲ್ಲಿ ಹಬ್ಬುತ್ತದೆ. ಫಾವಾ ಬಿತ್ತಿದ ಜಗಲಿಗದ್ದೆ, ಸವರಿದ ಆಲಿವ್ ತೋಪು, ಕುರಿ ಮೇದ ಹುಲ್ಲುಗಾವಲು ಇವು ಬರಿಯ ಬೆಳೆಯಲ್ಲ, ಬೆಂಕಿಗೆ ಅಡ್ಡ ಕಟ್ಟಿದ ಬೇಲಿ. ಹಳೆಯ ಕಾಲದ ರೈತನು ಈ ಲೆಕ್ಕವನ್ನು ಬರೆದಿಡಲಿಲ್ಲ. ಹೊಟ್ಟೆಗಾಗಿ ನೆಲ ಉತ್ತನು, ಅದರಿಂದ ಮನೆಯೂ ಉಳಿಯಿತು. ಪಟ್ಟಣದಿಂದ ಬಂದವನಾದರೋ ಮನೆಯನ್ನು ಕೊಂಡೆನೆಂದು ತಿಳಿಯುತ್ತಾನೆ. ಅವನು ಕೊಂಡದ್ದು ಮನೆಯೊಂದನ್ನೇ ಅಲ್ಲ, ಹಿತ್ತಿಲಿನ ಆಚೆಯ ಕೆಲಸವನ್ನು ಕೂಡ. ಮಾಡಿನ ಹೆಂಚು ಮಳೆಯನ್ನು ತಡೆದೀತು. ಬೆಂಕಿಯನ್ನು ತಡೆಯುವುದು ಗುದ್ದಲಿ ಹಿಡಿದ ಕೈ ಮಾತ್ರ.