ತಿಂಗಳ ತಿರುಗಾಟ: ಮರಳ ಬಯಲಿನಲ್ಲಿ ಹಳದಿ ಲಾರಿ



ಊರಿಗೆ ಹೋದಾಗ ಕೊಡಚಾದ್ರಿ ಹತ್ತಿದ್ದೀರಾ? ಕಲ್ಲು, ಹಳ್ಳ, ಕೆಸರು ದಾಟುತ್ತಾ ಜೀಪು ಕುಲುಕಿಸಿಕೊಂಡು ಹೋಗುತ್ತದೆ. ಕೊನೆಯ ದಾರಿಯನ್ನು ಸರ್ವಜ್ಞ ಪೀಠದವರೆಗೆ ಕಾಲ್ನಡಿಗೆಯಲ್ಲೇ ಏರಬೇಕು. ಅಂಥ ದಿನ ನೆದರ್‌ಲ್ಯಾಂಡ್ಸ್‌ನಲ್ಲೂ ಸಿಗುತ್ತದೆ. ಆದರೆ ಬೆಟ್ಟದ ಮೇಲಲ್ಲ, ದ್ವೀಪದ ಮೇಲೆ. ದ್ವೀಪದ ಹೆಸರು ಫ್ಲೀಲ್ಯಾಂಡ್.

ಡೆಲ್ಫ್ಟ್‌ನಿಂದ ಹಾರ್ಲಿಂಗನ್ ಬಂದರಿಗೆ ರೈಲಿನಲ್ಲಿ ಹೋಗಬಹುದು. ಕಾರಿನಲ್ಲಾದರೆ 32 ಕಿಲೋಮೀಟರ್ ಉದ್ದದ ಅಫ್ಸ್ಲೌಟ್‌ಡೈಕ್ ಅಣೆಕಟ್ಟಿನ ಮೇಲಿಂದ ಹೋಗಬಹುದು. ಅಲ್ಲಿಂದ ಮುಂದೆ ಹಡಗು. ಕಾರನ್ನು ಬಂದರಿನಲ್ಲೇ ಬಿಡಬೇಕು, ಏಕೆಂದರೆ ಪ್ರವಾಸಿಗರ ಕಾರುಗಳಿಗೆ ಫ್ಲೀಲ್ಯಾಂಡ್‌ನಲ್ಲಿ ಪ್ರವೇಶವಿಲ್ಲ. ಒಂದೇ ದಿನದಲ್ಲಿ ಹೋಗಿಬರುವುದಾದರೆ ಬೆಳಗ್ಗೆ ಬೇಗ ಹೊರಡಿ, ವೇಗದ ಹಡಗಿಗೆ ಟಿಕೆಟ್ ತೆಗೆದುಕೊಳ್ಳಿ.

ದ್ವೀಪದ ಪಶ್ಚಿಮ ತುದಿಯಲ್ಲಿ ಫ್ಲೀಹೋರ್ಸ್ ಎಂಬ ಮರಳ ಬಯಲಿದೆ. ಡಚ್ಚರು ಅದನ್ನು ‘ಉತ್ತರದ ಸಹಾರಾ’ ಎಂದು ಕರೆಯುತ್ತಾರೆ. ಮರವಿಲ್ಲ, ಮನೆಯಿಲ್ಲ, ರಸ್ತೆಯಿಲ್ಲ. ಅಲ್ಲಿಗೆ ಕರೆದೊಯ್ಯುವುದು ಫ್ಲೀಹೋರ್ಸ್ ಎಕ್ಸ್‌ಪ್ರೆಸ್ ಎಂಬ ದೊಡ್ಡ ಹಳದಿ ಲಾರಿ. ಚಾಲಕರೇ ಮಾರ್ಗದರ್ಶಿ. ಅದೃಷ್ಟವಿದ್ದರೆ ಮರಳ ಮೇಲೆ ಬಿಸಿಲು ಕಾಯುವ ಸೀಲ್‌ಗಳೂ ಕಾಣುತ್ತವೆ. ಈ ಬಯಲಿನಲ್ಲಿ ಸೈನ್ಯದ ತರಬೇತಿಯೂ ನಡೆಯುತ್ತದೆ. ಹಾಗಾಗಿ ಲಾರಿ ಎಲ್ಲ ದಿನವೂ ಹೋಗುವುದಿಲ್ಲ. ದಿನ ನೋಡಿಕೊಂಡು ಮೊದಲೇ ಸೀಟು ಕಾಯ್ದಿರಿಸಿ.

ಬಯಲಿನ ನಡುವೆ ಕಂಬಗಳ ಮೇಲೆ ನಿಂತ ಒಂದು ಪುಟ್ಟ ಮರದ ಮನೆ ಇದೆ. ಹಡಗು ಒಡೆದು ಈಜಿ ದಡ ಸೇರಿದ ನಾವಿಕರಿಗೆ ಆಸರೆಯಾಗಲೆಂದು ಕಟ್ಟಿದ್ದು ಅದು. ದಡ ಸೇರಿದರಷ್ಟೇ ಸಾಲದು ಮಕ್ಕಳೇ. ಒದ್ದೆ ಬಟ್ಟೆಯಲ್ಲಿ, ಚಳಿಗಾಳಿಯಲ್ಲಿ, ಊರು ಯಾವ ಕಡೆ ಎಂದು ತಿಳಿಯದೆ ಎಷ್ಟು ದೂರ ನಡೆಯಲು ಸಾಧ್ಯ? ಈಗ ಅದು ಸಮುದ್ರ ತಂದು ಹಾಕಿದ ವಸ್ತುಗಳ ಪುಟ್ಟ ವಸ್ತುಸಂಗ್ರಹಾಲಯ. 2019ರ ಜನವರಿಯಲ್ಲಿ ಎಂಎಸ್‌ಸಿ ಜೋಯಿ ಹಡಗಿನಿಂದ 342 ಕಂಟೇನರ್‌ಗಳು ಈ ದ್ವೀಪಗಳ ಉತ್ತರಕ್ಕೆ ಸಮುದ್ರ ಪಾಲಾದಾಗ ಆಟಿಕೆ, ಚಪ್ಪಲಿಗಳೆಲ್ಲ ದಡಕ್ಕೆ ಬಂದು ಬಿದ್ದಿದ್ದವು.

ಇದೇ ಪಶ್ಚಿಮ ಭಾಗದಲ್ಲಿ ಹಿಂದೆ ಒಂದು ಊರೂ ಇತ್ತು. ಅದರ ಹೆಸರು ವೆಸ್ಟ್-ಫ್ಲೀಲ್ಯಾಂಡ್. ಸಮುದ್ರ ಅದನ್ನು ಸ್ವಲ್ಪಸ್ವಲ್ಪವಾಗಿ ನುಂಗುತ್ತಾ ಬಂತು. 1736ರಲ್ಲಿ ಕೊನೆಯ ಮನೆಗಳೂ ಹೋದವು. ಈಗ ದ್ವೀಪದಲ್ಲಿ ಉಳಿದಿರುವುದು ಪೂರ್ವದ ಊರೊಂದೇ.

ಇದಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಪದವಿದೆ: ಕಡಲ್ಕೊರೆತ. ಕಡಲು ದಡವನ್ನು ಕೊರೆಯುವುದು. ಮಂಗಳೂರಿನ ಬಳಿಯ ಉಳ್ಳಾಲದವರಿಗೆ ಇದು ಪುಸ್ತಕದ ಪದವಲ್ಲ. ಮಳೆಗಾಲದಲ್ಲಿ ಅಲ್ಲಿ ತೆಂಗಿನ ಮರಗಳೂ ಮನೆಗಳೂ ಕಡಲು ಪಾಲಾಗಿವೆ. ಅಲ್ಲಿ ದೊಡ್ಡ ಕಲ್ಲುಗಳನ್ನು ಸುರಿದು ಅಲೆಯನ್ನು ತಡೆಯುತ್ತಾರೆ. ಇಲ್ಲಿ ದಡ ಕಾಯುವ ಕೆಲಸದಲ್ಲಿ ಒಂದು ಹುಲ್ಲಿಗೂ ಪಾಲಿದೆ.

ಆ ಹುಲ್ಲನ್ನು ನೋಡಲು ಲಾರಿ ಇಳಿದು ನಡೆಯಬೇಕು. ಊರಿನ ಪಕ್ಕದಲ್ಲೇ ಸುಮಾರು 40 ಮೀಟರ್ ಎತ್ತರದ ಮರಳು ದಿಬ್ಬವಿದೆ, ಅದರ ತುದಿಯಲ್ಲಿ ಕೆಂಪು ದೀಪಸ್ತಂಭ. ಮೇಲಿಂದ ಒಂದು ಕಡೆ ಉತ್ತರ ಸಮುದ್ರ, ಇನ್ನೊಂದು ಕಡೆ ವಾಡನ್ ಸಮುದ್ರ ಕಾಣುತ್ತದೆ. ದಾರಿಯ ಅಕ್ಕಪಕ್ಕದ ದಿಬ್ಬಗಳಲ್ಲಿ ಬೆಳೆದಿರುವ ಒರಟು ಹುಲ್ಲೇ ಹೆಲ್ಮ್. ಅದರ ಬೇರುಗಳು ಆಳಕ್ಕಿಳಿದು ಮರಳನ್ನು ಹಿಡಿದಿಡುತ್ತವೆ. ತುಳಿದರೆ ಹುಲ್ಲು ಸಾಯುತ್ತದೆ, ಗಾಳಿ ಮರಳನ್ನು ಹೊತ್ತೊಯ್ಯುತ್ತದೆ, ದಿಬ್ಬದಲ್ಲಿ ಕಂಡಿ ಬೀಳುತ್ತದೆ. ಆದ್ದರಿಂದಲೇ ಬರಿಯ ಮರಳಿನ ಮೇಲೆ ಲಾರಿ ಓಡಬಹುದು, ಆದರೆ ಹುಲ್ಲಿನ ದಿಬ್ಬದ ಮೇಲೆ ನಿಮ್ಮ ಪುಟ್ಟ ಪಾದವೂ ಕಾಲುದಾರಿ ಬಿಡಬಾರದು. “ಯಾರೂ ನೋಡುತ್ತಿಲ್ಲ, ಸುಮ್ಮನೆ ಜಾರೋಣ” ಎನ್ನುವ ಮೊದಲು ಮುಳುಗಿದ ಆ ಊರನ್ನು ನೆನೆಯಿರಿ.

ಇದು ದೂರದ ದ್ವೀಪದ ಕಥೆ ಮಾತ್ರವಲ್ಲ. ಡೆಲ್ಫ್ಟ್ ಸುತ್ತಲಿನ ಎಷ್ಟೋ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ನಮ್ಮನ್ನು ಕಾಯುತ್ತಿರುವುದೂ ಇಂಥ ದಿಬ್ಬಗಳೇ. ಫ್ಲೀಲ್ಯಾಂಡ್‌ಗೆ ಹೋಗಲು ಆಗದವರು ಕೈಕ್‌ಡೌನ್ ಬಳಿಯ ಜಾಂಡ್‌ಮೋಟರ್‌ಗೆ ಹೋಗಿ. 2011ರಲ್ಲಿ ಅಲ್ಲಿ 2.15 ಕೋಟಿ ಘನ ಮೀಟರ್ ಮರಳನ್ನು ತಂದು ಸುರಿದರು. ಅದನ್ನು ಕರಾವಳಿಗೆ ಹಂಚುವ ಕೆಲಸವನ್ನು ಗಾಳಿಗೂ ಅಲೆಗೂ ಬಿಟ್ಟರು.

ಬೇಕಾದವು: ಗಾಳಿ ತಡೆಯುವ ಜಾಕೆಟ್, ನೀರು, ಟೋಪಿ, ಮತ್ತೆ ಚಿತ್ರಾನ್ನದ ಡಬ್ಬಿ. ಡಬ್ಬಿಯನ್ನು ಗಾಳಿಗೆ ಬೆನ್ನು ಮಾಡಿ ತೆರೆಯಿರಿ, ಇಲ್ಲದಿದ್ದರೆ ಕಡಲೆಬೀಜಕ್ಕಿಂತ ಮರಳೇ ಹೆಚ್ಚು ಸಿಗುತ್ತದೆ.

ಮಕ್ಕಳಿಗೆ ಈ ತಿಂಗಳ ಪದಗಳು: ಕಡಲ್ಕೊರೆತ, ಉಬ್ಬರ, ಇಳಿತ, ದಿಬ್ಬ, ದೀಪಸ್ತಂಭ. ಈ ವಾರ ಊರಿಗೆ ಫೋನ್ ಮಾಡಿದಾಗ ಅಜ್ಜಿ ತಾತನನ್ನು ಕೇಳಿ: ಅವರು ಚಿಕ್ಕವರಿದ್ದಾಗ ಇದ್ದ ಯಾವ ಕೆರೆ, ಹೊಳೆ ಅಥವಾ ದಡ ಈಗ ಇಲ್ಲ? ಅವರು ಹೇಳಿದ್ದನ್ನು ಐದು ವಾಕ್ಯಗಳಲ್ಲಿ ಬರೆದು ಮುಂದಿನ ತರಗತಿಗೆ ತನ್ನಿ.