ಈಗ ಮೀನು ಬೇಡ ಸಾರ್, ತಿಂಗಳು ಬಿಟ್ಟು ಬನ್ನಿ

ಭಾನುವಾರ ಸಂಜೆ ಬೆಂಗಳೂರಿನ ಯಾವುದಾದರೂ ಅಕ್ವೇರಿಯಂ ಅಂಗಡಿಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಮಗು ಕ್ಲೌನ್ ಫಿಶ್ ಟ್ಯಾಂಕಿನ ಗಾಜಿಗೆ ಮೂಗೊತ್ತಿ ‘ನೆಮೊ, ನೆಮೊ’ ಎಂದು ಕುಣಿಯುತ್ತಿರುತ್ತದೆ. ಅಪ್ಪ ಬೆಲೆ ವಿಚಾರಿಸುತ್ತಾರೆ. ‘ಮನೆಯಲ್ಲಿ ಗೋಲ್ಡ್ ಫಿಶ್ ಸಾಕಿದ್ದೀವಿ, ಇದಕ್ಕೆ ನೀರಿಗೆ ಒಂದಿಷ್ಟು ಉಪ್ಪು ಹಾಕಿದರಾಯ್ತಲ್ಲ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆ ಮೀನು ಎಷ್ಟು ದಿನ ಬದುಕೀತು ಎನ್ನುವುದು ಅಂಗಡಿಯವರು ಕೊಡುವ ಉತ್ತರದ ಮೇಲೆ ನಿಂತಿದೆ. ಅಂಗಡಿ ಎಷ್ಟು ವರ್ಷ ನಡೆದೀತು ಎನ್ನುವುದೂ ಅಷ್ಟೇ.

ಸಿಹಿನೀರಿನ ಮೀನಿನ ವ್ಯಾಪಾರದ ಲೆಕ್ಕ ಬೇರೆ. ಗೋಲ್ಡ್ ಫಿಶ್ ಸತ್ತರೆ ಗಿರಾಕಿ ಬೇಜಾರು ಮಾಡಿಕೊಂಡು ಮುಂದಿನ ವಾರ ಇನ್ನೊಂದು ಜೋಡಿ ಒಯ್ಯುತ್ತಾರೆ. ಉಪ್ಪುನೀರಿನಲ್ಲಿ ಹಾಗಾಗುವುದಿಲ್ಲ. ಟ್ಯಾಂಕ್, ಪಂಪ್, ಸ್ಕಿಮ್ಮರ್, ಲೈಟು ಎಂದು ಹತ್ತಾರು ಸಾವಿರ ಸುರಿದವರು ಮೊದಲ ತಿಂಗಳಲ್ಲೇ ಮೀನು ಕಳೆದುಕೊಂಡರೆ ಟ್ಯಾಂಕನ್ನು ಅರ್ಧ ಬೆಲೆಗೆ ಮಾರಿ ಕೈತೊಳೆದುಕೊಳ್ಳುತ್ತಾರೆ. ಅಂಗಡಿಯ ಕಡೆ ಮತ್ತೆ ತಲೆಹಾಕುವುದಿಲ್ಲ. ಹಾಗಾಗಿ ಅವಸರದಲ್ಲಿ ಮಾರಿದ ಮೊದಲ ಮೀನೇ ಸಣ್ಣ ಅಂಗಡಿಗೆ ದೊಡ್ಡ ನಷ್ಟ. ಗಿರಾಕಿಗೆ ಮೊದಲು ನೀರನ್ನು ಕಲಿಸಬೇಕು. ನೀರನ್ನೇ ಮಾರಲೂಬೇಕು.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. 200 ಲೀಟರ್ ಟ್ಯಾಂಕಿಗೆ ಏಳು ಕಿಲೋ ಆಯಿತು. ಅಡುಗೆಮನೆಯ ಉಪ್ಪು ಇದಕ್ಕೆ ಒದಗದು. ಅದರಲ್ಲಿರುವುದು ಹೆಚ್ಚುಕಮ್ಮಿ ಸೋಡಿಯಂ ಕ್ಲೋರೈಡ್ ಒಂದೇ. ಸಮುದ್ರದ ಜೀವಿಗಳಿಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟಾಸಿಯಂ ಎಲ್ಲವೂ ತಕ್ಕ ಪ್ರಮಾಣದಲ್ಲಿ ಬೇಕು. ಅದಕ್ಕೆಂದೇ ಮರೈನ್ ಸಾಲ್ಟ್ ಸಿಗುತ್ತದೆ. ಅದನ್ನು ಕಲಸುವ ನೀರೂ ಶುದ್ಧವಾಗಿರಬೇಕು. ಕಾವೇರಿ ನೀರಿನಲ್ಲಿ ಕ್ಲೋರಿನ್, ಬೋರ್‌ವೆಲ್ ನೀರಿನಲ್ಲಿ ಗಡಸುತನ, ಎಷ್ಟೋ ಕಡೆ ನೈಟ್ರೇಟ್ ಬೇರೆ. ಆದ್ದರಿಂದ ಆರ್‌ಒ ನೀರೇ ಗತಿ.

ಇಷ್ಟೆಲ್ಲ ಕಲಿತವರೂ ಎಡವುವುದು ಆವಿಯಾಗುವ ನೀರಿನ ವಿಷಯದಲ್ಲಿ. ಟ್ಯಾಂಕಿನ ಮಟ್ಟ ಎರಡು ಬೆರಳು ಇಳಿದರೆ ಉಪ್ಪುನೀರನ್ನೇ ತುಂಬಿಬಿಡುತ್ತಾರೆ. ಆವಿಯಾಗಿ ಹೋಗಿದ್ದು ಬರೀ ನೀರು, ಉಪ್ಪು ಒಳಗೇ ಉಳಿದಿದೆ. ಸಾರು ಕುದಿಕುದಿದು ಬತ್ತಿದಾಗ ಮತ್ತೆ ಉಪ್ಪು ಹಾಕುವವರುಂಟೇ? ಬಿಸಿನೀರು ಸೇರಿಸುತ್ತೇವೆ. ಇಲ್ಲಿಯೂ ಬರೀ ಆರ್‌ಒ ನೀರು ಸೇರಿಸಬೇಕು. ಈ ಒಂದು ಮಾತನ್ನು ಚೀಟಿಯಲ್ಲಿ ಬರೆದು ಪ್ರತಿ ಟ್ಯಾಂಕಿಗೂ ಅಂಟಿಸಿ ಕಳಿಸುವ ಅಂಗಡಿ ಎಷ್ಟೋ ಮೀನುಗಳ ಜೀವ ಉಳಿಸುತ್ತದೆ.

ಎರಡನೆಯ ಪಾಠ ಕಾಯುವುದು. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ಟ್ಯಾಂಕಿನಲ್ಲಿ ಇವು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಗಿರಾಕಿಗೆ ರಸಾಯನಶಾಸ್ತ್ರ ಹೇಳುವ ಬದಲು ಹೆಪ್ಪು ಹಾಕಿದ ಹಾಲಿನ ಉದಾಹರಣೆ ಕೊಟ್ಟರೆ ಸಾಕು: ಗಂಟೆಗೊಮ್ಮೆ ಅಲುಗಾಡಿಸಿದರೆ ಮೊಸರು ಗಟ್ಟಿಯಾಗದು. ಅಂಗಡಿಯ ಆರೋಗ್ಯವಂತ ಹಳೆಯ ಟ್ಯಾಂಕಿನ ಒಂದು ತುಂಡು ಸ್ಪಂಜು ಕೊಟ್ಟರೆ ಅದೇ ಹೆಪ್ಪು.

‘ಇಷ್ಟೆಲ್ಲ ಹೇಳಿಕೊಟ್ಟರೆ ಕೇಳಿಸಿಕೊಂಡು ಹೋಗಿ ಆನ್‌ಲೈನಿನಲ್ಲಿ ತರಿಸಿಕೊಳ್ಳುತ್ತಾರೆ’ ಎಂಬ ಅಂಗಡಿಯವರ ದೂರು ಸುಳ್ಳಲ್ಲ. ಪಂಪು, ಲೈಟಿನ ಬೆಲೆಯಲ್ಲಿ ಸಣ್ಣ ಅಂಗಡಿ ಗೆಲ್ಲುವುದು ಕಷ್ಟ. ಆದರೆ ಹದವಾಗಿ ಕಲಸಿದ ಉಪ್ಪುನೀರನ್ನು ಕೊರಿಯರ್‌ನಲ್ಲಿ ತರಿಸಿದರೆ ಗಿಟ್ಟುವುದಿಲ್ಲ. 200 ಲೀಟರ್ ಟ್ಯಾಂಕಿನಲ್ಲಿ ವಾರಕ್ಕೆ ಶೇ 10ರಷ್ಟು ನೀರು ಬದಲಿಸಬೇಕೆಂದರೆ ಸರಿಯಾಗಿ 20 ಲೀಟರ್, ಅಂದರೆ ಒಂದು ಕ್ಯಾನ್. ಕುಡಿಯುವ ನೀರಿನ ಕ್ಯಾನ್ ಮನೆಗೆ ತರಿಸಿಕೊಳ್ಳುವ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಿನ ಪರೀಕ್ಷೆಯೂ ಹೀಗೆಯೇ. ಗಿರಾಕಿ ತಂದ ಬಾಟಲಿಯ ನೀರನ್ನು ಅಂಗಡಿಯಲ್ಲೇ ಪರೀಕ್ಷಿಸಿ, ಲವಣಾಂಶ, ಅಮೋನಿಯಾ, ನೈಟ್ರೇಟ್ ಎಷ್ಟೆಂದು ಅವರ ಹೆಸರಿನ ಪುಟದಲ್ಲಿ ಬರೆದಿಡಬೇಕು. ಪುಕ್ಕಟೆ ಬೇಡ, ಸಣ್ಣ ಶುಲ್ಕ ಇರಲಿ. ಪುಕ್ಕಟೆ ಸಲಹೆಯನ್ನು ನಮ್ಮ ಜನ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಇನ್ನು, ಏನನ್ನು ಮಾರಬಾರದು ಎಂಬುದು. ನೆಮೊ ಕೇಳಿದ ಮಗು ಮುಂದೆ ‘ಡೋರಿ’ಯನ್ನೂ ಕೇಳುತ್ತದೆ. ಅಂಗಡಿಯಲ್ಲಿ ಹೆಬ್ಬೆರಳುದ್ದ ಇರುವ ಆ ನೀಲಿ ಟ್ಯಾಂಗ್ ಒಂದಡಿಯವರೆಗೆ ಬೆಳೆಯುವ ಮೀನು. ಮನೆಯ ಸಣ್ಣ ಟ್ಯಾಂಕಿನಲ್ಲಿ ಅದಕ್ಕೆ ಜಾಗವಿಲ್ಲ. ಕ್ಲೌನ್ ಫಿಶ್ ಆದರೆ ಬೇರೆ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತಮಿಳುನಾಡಿನ ಮಂಡಪಂನಲ್ಲಿ ಅದನ್ನು ತೊಟ್ಟಿಯಲ್ಲೇ ಮರಿಮಾಡಿಸಿ ತೋರಿಸಿದೆ. ತೊಟ್ಟಿಯಲ್ಲಿ ಹುಟ್ಟಿದ ಮೀನು ಒಣ ಆಹಾರಕ್ಕೂ ಬೇಗ ಒಗ್ಗುತ್ತದೆ. ಆದರೆ ಮಾರುಕಟ್ಟೆಯ ಸಮುದ್ರ ಮೀನುಗಳಲ್ಲಿ ಬಹುಪಾಲು ಜಾತಿಗಳನ್ನು ಈಗಲೂ ಹವಳದ ದಿಬ್ಬಗಳಿಂದಲೇ ಹಿಡಿದು ತರಲಾಗುತ್ತದೆ. ಫಿಲಿಪ್ಪೀನ್ಸ್, ಇಂಡೊನೇಷ್ಯಾಗಳಲ್ಲಿ ಸೈನೈಡ್ ಚಿಮುಕಿಸಿ ಮೀನಿಗೆ ಮಂಪರು ಬರಿಸಿ ಹಿಡಿಯುವ ಕೆಟ್ಟ ಪದ್ಧತಿ ದಶಕಗಳಿಂದ ಇದೆ. ಆ ಮೀನು ನೋಡಲು ಚೆನ್ನಾಗಿಯೇ ಇರುತ್ತದೆ, ಮನೆಗೆ ಬಂದ ಮೇಲೆ ಸಾಯಬಹುದು. ‘ಇದು ಎಲ್ಲಿಂದ ಬಂತು’ ಎಂದು ಸಗಟು ವ್ಯಾಪಾರಿಯನ್ನು ಕೇಳದ ಅಂಗಡಿಯವರು ಗಿರಾಕಿಗೆ ಏನು ಹೇಳಿಯಾರು? ನಮ್ಮ ಕಡಲಿನ ಹವಳ, ಸೀ ಫ್ಯಾನ್, ಕಡಲಕುದುರೆಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ 2001ರಿಂದಲೇ ಇದೆ. ನೇತ್ರಾಣಿ ದ್ವೀಪದ ಸುತ್ತ ಹವಳ ಇದೆಯೆಂದು ತಿಳಿದವರು ಅದನ್ನು ಅಲ್ಲಿಯೇ ನೋಡಿ ಬರಲಿ.

ಸರ್ಕಾರ ಒಮ್ಮೆ ಕೈ ಹಾಕಿತ್ತು. 2017ರ ಮೇ ತಿಂಗಳಲ್ಲಿ ಕೇಂದ್ರವು ಅಕ್ವೇರಿಯಂ ಅಂಗಡಿಗಳಿಗೆಂದೇ ನಿಯಮ ಹೊರಡಿಸಿ, ನೂರೈವತ್ತಕ್ಕೂ ಹೆಚ್ಚು ಜಾತಿಗಳ ಮಾರಾಟಕ್ಕೆ ಕಡಿವಾಣ ಹಾಕಲು ಹೊರಟಿತು. ವ್ಯಾಪಾರಿಗಳು ಗದ್ದಲ ಎಬ್ಬಿಸಿದರು, ನಿಯಮವನ್ನು ಹಿಂದಕ್ಕೆ ಪಡೆಯಲಾಯಿತು. ಕಲಿಸದೆ ನಿಷೇಧಿಸಲು ಹೊರಟರೆ ಆಗುವುದೇ ಹೀಗೆ. 1969ರಿಂದ ಮೀನುಗಾರಿಕೆ ಕಾಲೇಜು ನಡೆಯುತ್ತಿರುವ ಮಂಗಳೂರು ನಮ್ಮದೇ ರಾಜ್ಯದಲ್ಲಿದೆ. ಅಂಗಡಿಯವರಿಗೆ ಒಂದು ವಾರದ ತರಬೇತಿ, ಗೋಡೆಗೆ ತೂಗುಹಾಕಲು ಒಂದು ಪ್ರಮಾಣಪತ್ರ ಕೊಡುವುದು ಆ ಕಾಲೇಜಿಗೆ ಭಾರವಾಗದು.

ಅಲ್ಲಿಯವರೆಗೆ ಹೊಣೆ ಗಿರಾಕಿಯದೂ ಹೌದು. ಮೀನು ಅಂಗಡಿಗೆ ಬಂದು ಎಷ್ಟು ದಿನವಾಯಿತೆಂದು ಕೇಳಿ. ನಿಮ್ಮೆದುರೇ ಅದಕ್ಕೆ ಆಹಾರ ಹಾಕಿಸಿ, ತಿನ್ನುತ್ತದೆಯೇ ನೋಡಿ. ‘ಈಗ ಮೀನು ಬೇಡ ಸಾರ್, ಉಪ್ಪು ಒಯ್ಯಿರಿ, ತಿಂಗಳು ಬಿಟ್ಟು ನೀರು ತನ್ನಿ’ ಎಂದು ಯಾರಾದರೂ ಹೇಳಿದರೆ ಬೇಸರಪಟ್ಟು ಪಕ್ಕದ ಅಂಗಡಿಗೆ ಹೋಗಬೇಡಿ.