ದೆವ್ವದ ವಿಳಾಸ ಕೇಳೋಣ, ಮಾಸ್ತರರೇ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಕನ್ನಡ ಕಲಿತ, ಕಲಿಸುವ ನಾವು ಕೆಲವರು ಒಂದು ಜಗಳ ತೆಗೆಯಬೇಕೆಂದಿದ್ದೇವೆ. ಜಗಳ ನಮ್ಮವರ ಜತೆಗೇ.

ಒಂದು ಹೈಸ್ಕೂಲಿನಲ್ಲಿ ಹತ್ತನೇ ಇಯತ್ತೆ ಹುಡುಗನ ಚೀಲದಲ್ಲಿ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಸಿಕ್ಕಿತು. ಮುಖಪುಟ ಕಿತ್ತುಹೋದ, ಹತ್ತಾರು ಕೈ ದಾಟಿದ ಪ್ರತಿ. ಮಾಸ್ತರರು ಕಸಿದುಕೊಂಡು, "ಇಂಥಾ ಮೂಢನಂಬಿಕಿ ಓದಿ ಹಾಳಾಗ್ತೀರಿ" ಅಂದರು. ಅವರು ಪ್ರಗತಿಪರರು, ನಮ್ಮ ಸಭೆಗಳಿಗೆ ಬರುವವರು. ಅದೇ ದಿನ ಮಧ್ಯಾಹ್ನ ಅದೇ ಹುಡುಗರಿಂದ 'ಭಯಾನಕ ರಸಕ್ಕೆ ಸ್ಥಾಯಿಭಾವ ಭಯ' ಎಂದು ಬಾಯಿಪಾಠ ಮಾಡಿಸಿದರು. ಅಂದರೆ ಭಯದ ಹೆಸರು ಗೊತ್ತಿದ್ದರೆ ಸಾಕು, ಭಯ ಎಲ್ಲಿಂದ ಬಂತು ಅಂತ ಕೇಳಬಾರದು!

ನಾವು ಹೇಳುವುದಿಷ್ಟು: ಆ ಪುಸ್ತಕವನ್ನೇ ತರಗತಿಯ ಮೇಜಿನ ಮೇಲಿಡಿ. ತೆಲುಗಿನಿಂದ ಬಂದು ಕನ್ನಡದ ಮನೆಮನೆ ಹೊಕ್ಕ, 1985ರಲ್ಲಿ ಕನ್ನಡ ಸಿನಿಮಾವೂ ಆದ ಕಥೆ ಅದು. ತುಳಸಿ ಎಂಬ ಎಳೆಯ ಹುಡುಗಿಯ ಮೇಲೆ ಮಾಟದ ಪ್ರಯೋಗ. ಯಾಕೆ? ಅವಳ ಹೆಸರಿಗೆ ಬರಬೇಕಾದ ದುಡ್ಡಿಗಾಗಿ. ಹುಡುಗರು ಕ್ಷುದ್ರಶಕ್ತಿಗೆ ಬೆಚ್ಚಿ ದುಡ್ಡನ್ನು ಮರೆಯುತ್ತಾರೆ. ಮಾಟಗಾರ ಬರುವುದು ಕಾಡಿನ ಜನರ ನಡುವಿನಿಂದ, ಮಾಡಿಸುವವರ ಆಸೆ ಇರುವುದು ಪೇಟೆಯಲ್ಲಿ. ಓದುಗನ ಹೆದರಿಕೆ ಮಾತ್ರ ಕಾಡಿನ ಕಡೆ ತಿರುಗುತ್ತದೆ. ಕೊನೆಗೆ ವೈದ್ಯವನ್ನೂ ಮಂತ್ರವನ್ನೂ ಅಕ್ಕಪಕ್ಕ ನಿಲ್ಲಿಸಿ ಲೇಖಕರು ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರೆ. ಇದಕ್ಕಿಂತ ಒಳ್ಳೆಯ ಪಾಠ ಯಾವ ಗೈಡಿನಲ್ಲಿದೆ ತೋರಿಸ್ರಿ.

ಇನ್ನು ನಮ್ಮೂರಿನ ದೆವ್ವಗಳ ವಿಳಾಸ. ಹಾಳುಬಾವಿ, ಹುಣಸೀಮರ, ಸುಡುಗಾಡು. ಸುಡುಗಾಡಿನ ಪಕ್ಕಕ್ಕೆ ಯಾರ ಕೇರಿಯನ್ನು ತಳ್ಳಿದ್ದಾರೆ? ಊರಿನ ಹೆಣಕ್ಕೆ ಕುಣಿ ತೋಡಿದವರು ಯಾರು, ಸಾವಿನ ಸುದ್ದಿ ಹೊತ್ತು ರಾತ್ರೋರಾತ್ರಿ ಪರವೂರಿಗೆ ನಡೆದವರು ಯಾರು, ಮುಂದೆ ಹಲಗಿ ಬಡಿದವರು ಯಾರು? ನಮ್ಮ ಅಪ್ಪ, ಅಜ್ಜಂದಿರು. ಅವರಿಗೆ ಆ ದಾರಿಯಲ್ಲಿ ದೆವ್ವ ಸಿಗಲಿಲ್ಲ, ಸಿಕ್ಕಿದ್ದರೆ ಮರುದಿನ ಕೆಲಸಕ್ಕೆ ಕರೆಯುವವರು ಬಿಡುತ್ತಿದ್ದರೇನು? ಊರೊಳಗೆ ಸುರಕ್ಷಿತ ಮಲಗಿದವರಿಗೇ ಸುಡುಗಾಡು ಭಯಾನಕವಾಗಿ ಕಂಡಿತು. ಆ ಕಣ್ಣಿನಿಂದಲೇ ಕಥೆ ಬರೆದರು. ಕೇರಿಯ ಹುಡುಗ ಇವತ್ತು ಅದನ್ನು ಓದಿ ತನ್ನ ಮನೆಯ ಹಿತ್ತಲಿಗೇ ಹೆದರಬೇಕು.

ಬ್ಯಾಡಗಿಗೆ ಬರ್‍ರಿ. ಗಾಳಿ ಹಿಡದೈತಿ ಅಂತ ಹೆಣ್ಣುಮಕ್ಕಳಿಗೆ ಮೆಣಸಿನಕಾಯಿ ಹೊಗೆ ಹಾಕುವುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತಾರೆ ವ್ಯಾಪಾರಸ್ಥರು; 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ಬಿತ್ತು. ಕೂಲಿಗೆ ಕುಂತು ತೊಟ್ಟು ಬಿಡಿಸುವ ಅವ್ವಂದಿರನ್ನು ಕೇಳಿ ನೋಡಿ. ಬೆರಳು ಉರಿ, ಮೂಗಿನಲ್ಲಿ ಘಾಟು, ರಾತ್ರಿಯಿಡೀ ಕೆಮ್ಮು. ಹೊಗೆಯಿಂದ ದೆವ್ವ ಬಿಡುವುದಾದರೆ ಇವರನ್ನು ಹಿಡಿದ ದೆವ್ವ ಎಂದೋ ಓಡಿಹೋಗಬೇಕಿತ್ತು. ಅದಿನ್ನೂ ಹೋಗಿಲ್ಲ, ಸಂಜೆ ಕೂಲಿ ಎಣಿಸುವಾಗ ಎದುರಿಗೇ ಕೂತಿರುತ್ತದೆ. ರಾಣೆಬೆನ್ನೂರು ಕಡೆ ಬೀಜದ ಹತ್ತಿಗೆ ಕ್ರಾಸಿಂಗ್ ಮಾಡಲು ಹೋಗಿ ಹಾಜರಿ ತಪ್ಪಿದ ಹುಡುಗಿಗೆ 'ನಿನಗೆ ಯಾವುದರ ಭಯ?' ಎಂದು ಪ್ರಬಂಧ ಬರೆಸಿ. ಅವಳು ದೆವ್ವದ ಬಗ್ಗೆ ಬರೆಯುತ್ತಾಳೋ ಮೇಸ್ತ್ರಿಯ ಬಗ್ಗೆಯೋ ನೋಡೋಣ. ಹಾವೇರಿಯ ರೈತನ ಮಗ 2008ರ ಜೂನ್ ತಿಂಗಳ ಗೋಲಿಬಾರಿನ ಮಾತು ಮನೆಯಲ್ಲಿ ಕೇಳಿಯೇ ಇರುತ್ತಾನೆ. ಗೊಬ್ಬರ ಕೇಳಲು ಹೋದವರು ಹೆಣವಾಗಿ ಬಂದ ಕಥೆ ಅದು. ಅದರಲ್ಲಿ ಅತಿಮಾನುಷವೇನೂ ಇರಲಿಲ್ಲ.

ಕಾನೂನಿದೆಯಲ್ಲ ಎನ್ನುವವರಿದ್ದಾರೆ. ಇದೆ. ದೆವ್ವ ಬಿಡಿಸುವ ನೆಪದಲ್ಲಿ ಬಡಿದು ಹಿಂಸಿಸುವುದು 2017ರ ಕಾಯ್ದೆಯಡಿ ಅಪರಾಧ. ಒಳ್ಳೆಯದು, ಅದು ಬೇಕು. ಆದರೆ ಕಾಯ್ದೆ ಬಡಿಯುವ ಕೈ ಹಿಡಿದೀತು, ತಲೆಯೊಳಗೆ ಕೂತ ಕಥೆಯನ್ನು ಹಿಡಿಯಲಾರದು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದರು. ಮುಚ್ಚಿಡಲಿಲ್ಲ, ಬಂದು ತೋರಿಸಿ ಎಂದರು. ಪುಸ್ತಕ ಕಸಿಯುವ ನಮ್ಮ ಪ್ರಗತಿಪರ ಮಾಸ್ತರರು ಇಷ್ಟಾದರೂ ಕಲಿಯಬಾರದೇ?

ಆ ಪ್ರತಿ ಈಗ ಸ್ಟಾಫ್ ರೂಮಿನ ಕಪಾಟಿನಲ್ಲಿದೆ, ಕೀಲಿ ಮಾಸ್ತರರ ಹತ್ತಿರ. ನಡುವೆ ಗುರುತಿಗೆ ಬಸ್ ಟಿಕೀಟು ಇಟ್ಟಿದ್ದಾರೆ, ದಿನಕ್ಕಿಷ್ಟು ಮುಂದೆ ಸರಿಯುತ್ತಿದೆ. ಹುಡುಗ ಬಾಗಿಲಲ್ಲಿ ನಿಂತು ಕೇಳುತ್ತಾನೆ: "ಸರ, ಕಡೀಕ ತುಳಸಿ ಉಳೀತಾಳೇನ್ರಿ?"